ಮೀನು ಹಲಗೆಗೆ ಎಷ್ಟು ರೆಕ್ಕೆ

ನಮ್ಮ ಮಂಡ್ಯ ಜಿಲ್ಲೆಗೆ ಸಮುದ್ರವಿಲ್ಲ. ಇಲ್ಲ ಅನ್ನುವುದನ್ನು ನಮ್ಮವರು ಇನ್ನೂ ಸರಿಯಾಗಿ ಗಮನಿಸಿಲ್ಲ. ಗಮನಿಸಿದ್ದರೆ ಇಷ್ಟು ಹೊತ್ತಿಗೆ ಹೆದ್ದಾರಿಗೆ ಅಡ್ಡ ಕೂತು, ಟೈರು ಸುಟ್ಟು, ನಮ್ಮ ಪಾಲಿನ ಸಮುದ್ರ ಬಿಡಿ ಅಂತ ಕೇಳಿರುತ್ತಿದ್ದರು. ಆದರೆ ಸಮುದ್ರದ ಬಗ್ಗೆ ಅಭಿಪ್ರಾಯ ಕೊಡುವುದಕ್ಕೆ ಸಮುದ್ರ ಬೇಕಾಗಿಲ್ಲ ಅನ್ನುವುದು ಹೋದ ಬೇಸಿಗೆಯಲ್ಲಿ ನನಗೆ ಗೊತ್ತಾಯಿತು. ನನ್ನ ಹಲಗೆಗೆ ಎಷ್ಟು ರೆಕ್ಕೆ ಹಾಕಿಸಬೇಕು ಅನ್ನುವ ಪ್ರಶ್ನೆಗೆ ಕೊಪ್ಪದಿಂದ ಮಳವಳ್ಳಿಯವರೆಗೆ ಉತ್ತರ ಗೊತ್ತಿಲ್ಲದವರು ಒಬ್ಬರೂ ಸಿಗಲಿಲ್ಲ.

ಹಲಗೆ ಅಂದರೆ ಅಲೆಯ ಮೇಲೆ ಜಾರುವ ಹಲಗೆ. ಟೀವಿಯಲ್ಲಿ ನೋಡಿರುತ್ತೀರಿ, ಹುಡುಗರು ಅದರ ಮೇಲೆ ನಿಂತು ಕೈ ಚಾಚಿಕೊಂಡು ಬರುತ್ತಾರೆ. ನನ್ನದು ನಿಲ್ಲುವ ಹಲಗೆಯಲ್ಲ, ಮಂಡಿಯೂರಿ ಕೂರುವ ಹಲಗೆ. ಗಿಡ್ಡ, ಅಗಲ, ಹಿಂಭಾಗ ಮೀನಿನ ಬಾಲದ ಹಾಗೆ ಸೀಳಿರುತ್ತದೆ. ಅದಕ್ಕೇ ಆ ನಮೂನೆಗೆ ಫಿಶ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅದು ಮೀನು ಹಲಗೆ ಆಯಿತು. ಅದರ ಅಡಿಯಲ್ಲಿ, ಬಾಲದ ಹತ್ತಿರ, ನೀರನ್ನು ಹಿಡಿಯಲು ಅಂಗೈಯಗಲದ ಫಿನ್ನುಗಳು, ಅಂದರೆ ರೆಕ್ಕೆಗಳು, ಇರುತ್ತವೆ. ಎರಡು ಹಾಕಿಸಿದರೆ ಹಲಗೆ ಸಲೀಸಾಗಿ ಜಾರುತ್ತದೆ, ಆದರೆ ಕಡಿದಾದ ಅಲೆಯಲ್ಲಿ ಕೈಕೊಡುತ್ತದೆ. ನಾಲ್ಕು ಹಾಕಿಸಿದರೆ ಅಲೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ಆ ಸಲೀಸು ಇರುವುದಿಲ್ಲ. ಫಿನ್ನು ಕೂರಿಸುವ ಗೂಡುಗಳನ್ನು ಹಲಗೆ ಮಾಡುವಾಗಲೇ ಒಳಗೆ ಅಂಟು ಹಾಕಿ ಭದ್ರಮಾಡಿಬಿಡುತ್ತಾರೆ. ಆಮೇಲೆ ಅಯ್ಯೋ ಅಂದರೆ ಪ್ರಯೋಜನವಿಲ್ಲ.

ಮಂಡಿಯೂರುವ ಹಲಗೆಯೇ ಯಾಕೆ ಅಂದರೆ, ನನ್ನ ಎಡಗಾಲು ಮಂಡಿಯಿಂದ ಒಂದು ಗೇಣು ಕೆಳಕ್ಕೆ ಮುಗಿದುಹೋಗುತ್ತದೆ. ಅಲ್ಲಿಂದಾಚೆಗೆ ಪ್ಲಾಸ್ಟಿಕ್ಕು. ಕೆಲವು ವರ್ಷಗಳ ಹಿಂದೆ, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಕಬ್ಬು ತುಂಬಿದ ಟ್ರೈಲರಿನ ಚಕ್ರಕ್ಕೆ ನನ್ನ ಸ್ಕೂಟರೂ ಆ ಕಾಲೂ ಸಿಕ್ಕಿಕೊಂಡವು. ಆವತ್ತು ನಾನು ಹೊರಟಿದ್ದು ಒಂದು ಸ್ಪ್ರೇಯರ್ ವಾಪಸು ಕೊಡುವುದಕ್ಕೆ. ಬೆನ್ನಿಗೆ ಹಾಕಿಕೊಂಡು ಬೆಳೆಗೆ ಔಷಧಿ ಹೊಡೆಯುತ್ತಾರಲ್ಲ, ಅದು. ಮಳವಳ್ಳಿಯ ಸೋದರಮಾವನಿಂದ ನಮ್ಮಪ್ಪ ಈಸಿಕೊಂಡು ಬಂದಿದ್ದರು. ಈಸಿಕೊಂಡ ಸಾಮಾನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅನ್ನುವುದು ಅಪ್ಪನ ಕಟ್ಟುನಿಟ್ಟು. ನಾಳೆ ಹೋಗುತ್ತೇನೆ ಅಂದಿದ್ದಕ್ಕೆ, ಇವತ್ತೇ ಕೊಟ್ಟು ಬಾ ಅಂದರು. ಅಪಘಾತದಲ್ಲಿ ಸ್ಪ್ರೇಯರ್‌ಗೆ ಒಂದು ಗೀರೂ ಬಿದ್ದಿರಲಿಲ್ಲ. ನಾನು ಅಪ್ಪನ ಮೇಲೆ ಯಾವತ್ತೂ ಸಿಟ್ಟಾಗಲಿಲ್ಲ. ಸ್ಪ್ರೇಯರ್ ಮೇಲೆ ಮಾತ್ರ ಇವತ್ತಿಗೂ ಸಿಟ್ಟಿದೆ.

ನಮ್ಮ ಕಡೆಯವರ ಮಾತು ಮುಖಕ್ಕೆ ಹೊಡೆದ ಹಾಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾವೂ ಅದನ್ನು ಹೆಮ್ಮೆಯಿಂದ ಒಪ್ಪಿಕೊಳ್ಳುತ್ತೇವೆ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದವರು ನನ್ನ ಪಕ್ಕ ಕೂತು, "ಕಾಲ್ಗೇನಣ್ಣ ಆಗಿದ್ದು? ಸಕ್ಕರೆ ಕಾಯ್ಲೆನಾ?" ಅಂತ ಕೇಳಿ, ಉತ್ತರ ಬರುವ ಮೊದಲೇ ತಮ್ಮ ಚಿಕ್ಕಪ್ಪನ ಹೆಬ್ಬೆರಳು ತೆಗೆದ ಕಥೆ ಹೇಳುತ್ತಾರೆ. ಆದರೆ ನಮ್ಮ ಮನೆಯಲ್ಲಿ ಆ ಕಾಲಿನ ಹೆಸರನ್ನು ಯಾರೂ ಎತ್ತುವುದಿಲ್ಲ. ನಮ್ಮವ್ವ 'ಆವತ್ತು' ಅಂತ ಶುರುಮಾಡಿ ಬೇರೆ ಕಡೆ ಹೊರಳುತ್ತಾಳೆ. ಅಪ್ಪನಂತೂ ನನ್ನ ಪ್ಯಾಂಟಿನ ಕೆಳಗೆ ನೋಡಿದ್ದನ್ನೇ ನಾನು ಕಂಡಿಲ್ಲ. ನಾನು ಕುಂಟುತ್ತಾ ಬಂದರೆ ಆಕಾಶ ನೋಡಿ ಮಳೆಯ ವಿಚಾರ ಮಾತಾಡುತ್ತಾರೆ. ಹೀಗೆ ನಮ್ಮ ಮನೆಯಲ್ಲಿ ಹವಾಮಾನದ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಚರ್ಚೆಯಾಗಿದೆ.

ಸಮುದ್ರಕ್ಕೆ ನನ್ನನ್ನು ಇಳಿಸಿದ್ದು ನನ್ನ ಹಳೆಯ ಸಹೋದ್ಯೋಗಿ. ನಾನು ಮಂಡ್ಯದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಂದ ಉಡುಪಿ ಕಡೆಗೆ ವರ್ಗವಾಗಿ ಹೋದ ಆತ ರಜಕ್ಕೆ ಕರೆಸಿಕೊಂಡು, ಅಲೆ ಸಣ್ಣದಿದ್ದ ಕಡೆ ಒಂದು ಹಲಗೆ ಕೊಟ್ಟ. ನಿಲ್ಲಲು ಹೋಗಿ ಬಿದ್ದೆ, ಮತ್ತೆ ಬಿದ್ದೆ. ಸಾಕಾಗಿ, ಪ್ಲಾಸ್ಟಿಕ್ ಕಾಲನ್ನು ದಡದಲ್ಲಿ ಬಿಚ್ಚಿಟ್ಟು, ಮಂಡಿಯೂರಿ ಕೂತೆ. ಅಲೆ ಎತ್ತಿಕೊಂಡು ಹೋಯಿತು. ಆವತ್ತಿನ ಖುಷಿಯನ್ನು ನಾನು ಯಾರಿಗೂ ಸರಿಯಾಗಿ ಹೇಳಲು ಆಗಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಆ ಕಾಲು ಹೋದ ಮೇಲೆ ಕುಂಟದೆ ನಾನು ಮುಂದಕ್ಕೆ ಹೋಗಿದ್ದು ಅದೇ ಮೊದಲು. ಆದರೆ ಒಂದು ಎಡವಟ್ಟಿತ್ತು. ಬಲಕ್ಕೆ ತಿರುಗಿದರೆ ಹಲಗೆ ಹೇಳಿದ ಮಾತು ಕೇಳುತ್ತಿತ್ತು, ಎಡಕ್ಕೆ ತಿರುಗಿದರೆ ಅಡ್ಡಡ್ಡ ಜಾರಿ ನನ್ನನ್ನು ನೀರಿಗೆ ಕೆಡವುತ್ತಿತ್ತು. ನನ್ನ ಭಾರವೆಲ್ಲ ಬಲಗಡೆಗೇ ಬೀಳುತ್ತದೆ. ಎಡಮಂಡಿಯ ಹಿಂದೆ ಆ ಒಂದು ಗೇಣು ಬಿಟ್ಟರೆ ಊರಿಕೊಳ್ಳಲು ಏನೂ ಇಲ್ಲ.

ಅದಕ್ಕೇ ಸ್ವಂತದ್ದು ಮಾಡಿಸಲು ಹೊರಟೆ. ಪ್ಲಾಸ್ಟಿಕ್ ಕಾಲನ್ನು ಬಿಟ್ಟರೆ ನನ್ನ ಮೈಗೆ ಅಳತೆ ಕೊಟ್ಟು ಮಾಡಿಸುತ್ತಿದ್ದ ವಸ್ತು ಅದೊಂದೇ. ಕರಾವಳಿಯಲ್ಲಿ ಹಲಗೆ ಮಾಡುವವರೊಬ್ಬರ ನಂಬರನ್ನು ಗೆಳೆಯ ಕೊಟ್ಟ. ಅವರು ಫೋನಿನಲ್ಲೇ ಎತ್ತರ ಕೇಳಿದರು, ತೂಕ ಕೇಳಿದರು, ವಯಸ್ಸು ಕೇಳಿದರು. ಎಲ್ಲ ಹೇಳಿದೆ. ಕಾಲಿನ ವಿಷಯ ಹೇಳಲಿಲ್ಲ. ಯಾಕೆ ಅಂದರೆ, ಆ ಫೋನಿನಲ್ಲಿ ನಾನು ಎರಡು ಕಾಲಿನ ಗಿರಾಕಿಯಾಗಿದ್ದೆ, ನನಗದು ಹಿತವಾಗಿತ್ತು. ಕೊನೆಗೆ ಅವರು, "ಫಿನ್ನು ಎಷ್ಟು ಬೇಕು ಅಂತ ಈ ವಾರದಲ್ಲಿ ಹೇಳಿ ಮಾರಾಯ್ರೆ, ಗೂಡು ಕೂರಿಸಿದ ಮೇಲೆ ಬದಲು ಮಾಡ್ಲಿಕ್ಕೆ ಆಗುದಿಲ್ಲ," ಅಂದರು.

ಪಕ್ಕದಲ್ಲಿ ಕೂತು ಕೇಳಿಸಿಕೊಂಡ ನನ್ನ ಹೆಂಡತಿ, "ಅವ್ರಿಗೆ ಹೇಳ್ದಲೆ ಅವ್ರು ಹೆಂಗೆ ಮಾಡ್ಕೊಡ್ತಾರೆ?" ಅಂದಳು. ಅವಳು ಶಾಲೆಯ ಟೀಚರು, ಮಕ್ಕಳು ಸುಳ್ಳು ಹೇಳುವಾಗ ಸುಮ್ಮನೆ ನೋಡುತ್ತಾಳಲ್ಲ, ಹಾಗೆ ನೋಡಿದಳು. ನಾನು ಮಾತು ತೇಲಿಸಿದೆ. ತೇಲಿಸುವುದು ನಮ್ಮ ಮನೆತನದ ವಿದ್ಯೆ.

ಆ ಭಾನುವಾರ ಅಪ್ಪ ಅವ್ವ ಇರುವ ನಮ್ಮೂರು ಕೊಪ್ಪಕ್ಕೆ ಹೋದಾಗ ಬಾಯಿ ತಪ್ಪಿ ಅಪ್ಪನ ಮುಂದೆ ರೆಕ್ಕೆ ಎರಡೋ ನಾಲ್ಕೋ ಅಂದುಬಿಟ್ಟೆ. ಅಪ್ಪ ಕೂತಿದ್ದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅವರು ಸಮುದ್ರ ನೋಡಿದ್ದು ಒಮ್ಮೆ, ಧರ್ಮಸ್ಥಳದಿಂದ ಮುಂದಕ್ಕೆ ಹೋದ ಬಸ್ಸಿನ ಕಿಟಕಿಯಲ್ಲಿ, ಅದೂ ನಿದ್ದೆಗಣ್ಣಿನಲ್ಲಿ.

"ಐದ್ ಹಾಕ್ಸು," ಅಂದರು.

"ಐದು ಬ್ಯಾಡಪ್ಪ. ಎರಡು, ಇಲ್ಲಾ ನಾಕು."

"ಎರಡಾ? ನೋಡ್ದೋರ್ ಏನಂತರ್ಲಾ? ಕೊಪ್ಪದೋರ್ ಮಗ ಎರಡ್ ರೆಕ್ಕೆಲಿ ಬಂದವ್ನೆ ಅನ್ನಕಿಲ್ವಾ?"

"ಅದು ನೀರೊಳಗಿರೋದು. ಯಾರ್ಗೂ ಕಾಣಕಿಲ್ಲ."

"ಮಗುಚ್ಕಂಡಾಗ ಕಾಣ್ತದಲ್ಲ."

ಮನೆಗೆ ಬಂದಿದ್ದ ಸೋದರಮಾವ ಅಪ್ಪನ ಪರ ನಿಂತ. ಅವನದು ಟ್ರ್ಯಾಕ್ಟರ್ ಇದೆ, ಲೋಕದಲ್ಲಿರುವುದೆಲ್ಲ ಅವನಿಗೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಸಾಮಾನು. "ನಮ್ ಕಲ್ಟಿವೇಟರ್‌ಗೆ ಒಂಬತ್ ಹಲ್ಲವೆ ಬಾವ. ಎರಡ್ ಹಲ್ಲಲ್ಲಿ ಯಾವನಾರ ಉಳ್ತನಾ?" ಅಂದ. ನಾನು ಸಮುದ್ರ ಉಳಲು ಹೋಗುತ್ತಿಲ್ಲ ಅಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

ಅವ್ವನದು ಎರಡರ ಪಕ್ಷ. "ಮೀನ್ ಹಲಗೆ ಅಂತೀರ. ಮೀನ್ಗೆ ದೇವ್ರು ಅತ್ಲಾಗೊಂದು ಇತ್ಲಾಗೊಂದು ಕೊಟ್ಟವ್ನೆ. ನೀವ್ಯಾರು ಜಾಸ್ತಿ ಮಾಡಕ್ಕೆ?" ಅಂದಳು. ಅಪ್ಪ ಬಿಡಲಿಲ್ಲ. ಮಾವನನ್ನು ಮದ್ದೂರಿಗೆ ಅಟ್ಟಿ ಒಂದು ಮೀನು ತರಿಸಿದರು. ಕೊಳಗದ ಮುಂದೆ ನಾವೆಲ್ಲ ಬಗ್ಗಿ ನಿಂತೆವು. ಕಿವಿಯ ಹತ್ತಿರ ಒಂದು ಜೊತೆ, ಹೊಟ್ಟೆಯಲ್ಲಿ ಒಂದು ಜೊತೆ, ಬೆನ್ನ ಮೇಲೊಂದು, ಬಾಲದ ಮುಂದೆ ಇನ್ನೊಂದು. ಎಣಿಸಿದಷ್ಟೂ ಹೆಚ್ಚಾದವು, ಯಾರ ಪಕ್ಷಕ್ಕೂ ಗೆಲುವಾಗಲಿಲ್ಲ. ಸಾರು ಮಾತ್ರ ಚೆನ್ನಾಗಿತ್ತು.

ಇಷ್ಟೆಲ್ಲ ಮಾತಾಯಿತಲ್ಲ, ಇದರಲ್ಲಿ ನಾನು ಆ ಹಲಗೆಯ ಮೇಲೆ ಹೇಗೆ ಕೂರುತ್ತೇನೆ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದರೆ ಮಾತು ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಕೆಸರು ಕಂಡ ದನದ ಹಾಗೆ ಎಲ್ಲರೂ ಅಲ್ಲಿಗೆ ಬಂದು ಪಕ್ಕಕ್ಕೆ ಸರಿಯುತ್ತಿದ್ದರು. ಸರಿಯುವವರಲ್ಲಿ ನಾನೇ ಮುಂದಿದ್ದೆ. ವಾರ ಮುಗಿಯುತ್ತಾ ಬಂತು, ನಾನಿನ್ನೂ ಉತ್ತರ ಕಳಿಸಿರಲಿಲ್ಲ. ತಪ್ಪು ಲೆಕ್ಕಕ್ಕೆ ಗೂಡು ಕೂರಿಸಿದರೆ, ಎಡಕ್ಕೆ ತಿರುಗಿದಾಗಲೆಲ್ಲ ನೀರಿಗೆ ಬೀಳುವ ಇನ್ನೊಂದು ಹಲಗೆ ಬರುತ್ತದೆ. ಅದೂ ನನ್ನದೇ ಅಳತೆಯದು. ಆ ಯೋಚನೆಗೆ ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು.

ಜಗಳ ಬಗೆಹರಿಯದಿದ್ದಾಗ ಅವ್ವನಿಗೆ ಒಂದೇ ದಾರಿ. ಕಾವೇರಿ ದಡದ ಮುತ್ತತ್ತಿಗೆ ಹೋಗಿ ಆಂಜನೇಯನ ಮುಂದೆ ಹೂ ಕೇಳುವುದು. ಮನಸ್ಸಿನಲ್ಲಿ ಬೇಡಿಕೊಂಡು ಕೂರಬೇಕು, ದೇವರ ಮೈಮೇಲಿನ ಹೂ ಬಲಗಡೆಯಿಂದ ಬಿದ್ದರೆ ಒಂದು ಅರ್ಥ, ಎಡಗಡೆಯಿಂದ ಬಿದ್ದರೆ ಇನ್ನೊಂದು. ನಮ್ಮ ಮನೆಯಲ್ಲಿ ಬೋರ್‌ವೆಲ್ ಜಾಗ, ಹಸು ಕೊಳ್ಳುವುದು, ನನ್ನ ಮದುವೆ, ಎಲ್ಲ ಹೀಗೇ ತೀರ್ಮಾನವಾದದ್ದು. ಬೋರ್‌ವೆಲ್ ಒಂದು ಬಿಟ್ಟು ಮಿಕ್ಕವು ಚೆನ್ನಾಗಿವೆ.

ಮುಂದಿನ ಭಾನುವಾರ ಹೆಂಡತಿ ಕಾರು ಓಡಿಸಿದಳು. ಮುತ್ತತ್ತಿಯಲ್ಲಿ ಎಂದಿನ ಹಾಗೆ ಅರ್ಧ ಜನ ಭಕ್ತಿಗೆ, ಅರ್ಧ ಜನ ಹೊಳೆದಂಡೆಯಲ್ಲಿ ಬಾಡೂಟಕ್ಕೆ ಬಂದಿದ್ದರು. ಅಪ್ಪ ಅವ್ವ ಕಣ್ಣು ಮುಚ್ಚಿ ಕೈಮುಗಿದು ನಿಂತರು. ಹೊಳೆಯ ಕಡೆಯಿಂದ ಮಸಾಲೆಯ ವಾಸನೆ, ಒಳಗೆ ಗಂಟೆಯ ಸದ್ದು. ಬಹಳ ಹೊತ್ತಾದ ಮೇಲೆ ಹೂ ಬಿತ್ತು. ಬಲಗಡೆಯಿಂದ, ಯಾರಿಗೂ ಅನುಮಾನವಿಲ್ಲದ ಹಾಗೆ.

"ಆಯ್ತಲ್ಲ," ಅಂದಳು ಅವ್ವ, ಕಣ್ಣೊರೆಸಿಕೊಳ್ಳುತ್ತಾ. "ಎರಡು."

"ಎರಡೆಂಗಾಯ್ತದೆ? ಬಲಗಡೆ ಕೊಟ್ರೆ ನಾಕು ಅಂತ ನಾನ್ ಬೇಡ್ಕಂಡಿವ್ನಿ," ಅಂದರು ಅಪ್ಪ. ಐದರಿಂದ ನಾಲ್ಕಕ್ಕೆ ಇಳಿದದ್ದು ದೇವರ ಮೇಲಿನ ಗೌರವಕ್ಕಂತೆ.

"ನಾನ್ ಬಲಗಡೆ ಎರಡು ಅಂತ ಬೇಡ್ಕಂಡಿದ್ದು!"

ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಬೇರೆ ಬೇರೆ ಬೇಡಿಕೊಂಡಿದ್ದರು. ದೇವರು ಇಬ್ಬರಿಗೂ ಹೂಂ ಅಂದಿದ್ದ. ಇಂಥ ಭಕ್ತರ ಜೊತೆ ಅವನು ತಾನೇ ಏನು ಮಾಡಿಯಾನು! ಹಲಗೂರು ದಾಟುವವರೆಗೂ ಹಿಂದಿನ ಸೀಟಿನಲ್ಲಿ ಯಾರ ಬೇಡಿಕೆ ಮೊದಲು ಮುಟ್ಟಿತು ಅಂತ ವಾದ ನಡೆಯಿತು. "ದೇವ್ರನ್ನ ಕೇಳೋಕೆ ಮುಂಚೆ ನೀವ್ ನೀವ್ ಮಾತಾಡ್ಕೊಬೇಕಿತ್ತು," ಅಂದಳು ನನ್ನ ಹೆಂಡತಿ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. ಅದನ್ನು ಅವಳು ಹೇಳಿದ್ದು ಹಿಂದಿನ ಸೀಟಿಗೋ ಪಕ್ಕದ ಸೀಟಿಗೋ ಅಂತ ನಾನು ಕೇಳಲಿಲ್ಲ.

ಊಟಕ್ಕೆ ಮಳವಳ್ಳಿಯ ಮಾವನ ಮನೆ. ಅವರ ಜಗುಲಿಯ ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ಒಂದು ಸಾಮಾನಿರುತ್ತದೆ. ನಾವು ಬರುತ್ತೇವೆ ಅಂತ ಗೊತ್ತಾದಾಗ ಮಾತ್ರ ಹೊದಿಸುತ್ತಾರೆ. ಅದು ಆ ಸ್ಪ್ರೇಯರ್. ಅದರ ಮೂತಿ ಯಾವಾಗಲೂ ಚೀಲದಿಂದ ಹೊರಗೆ ಇಣುಕುತ್ತಿರುತ್ತದೆ, ಅಪ್ಪ ಅದಕ್ಕೆ ಬೆನ್ನು ಮಾಡಿ ಕೂರುತ್ತಾರೆ.

ಮುದ್ದೆ ಮುರಿಯುತ್ತಿದ್ದಾಗ ನನ್ನ ಫೋನು ಬಡಿದುಕೊಂಡಿತು. ಹಲಗೆ ಮಾಡುವವರು. ನನ್ನ ಕೈ ಸಾರಿನಲ್ಲಿತ್ತು. ಅಪ್ಪ ಎಡಗೈಯಲ್ಲಿ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿ, "ಹೇಳಿ ಸ್ವಾಮಿ, ನಾನ್ ಅವ್ರಪ್ಪ," ಅಂದರು.

"ನಮಸ್ಕಾರ. ಫಿನ್ನಿನ ಕತೆ ಎಂತ ಆಯ್ತು ಅಂತ ಕೇಳ್ಲಿಕ್ಕೆ ಮಾಡಿದ್ದು. ಇವತ್ತು ಗೂಡು ಕೂರಿಸ್ಬೇಕು."

"ನಾಕು," ಅಂದರು ಅಪ್ಪ. "ಎರಡು," ಅಂದಳು ಅವ್ವ, ಒಳಗಿನಿಂದ. ಮಾವ ಒಂಬತ್ತು ಅನ್ನಲು ಬಾಯಿ ತೆರೆದ.

ಅತ್ತ ಕಡೆಯವರು ತಾಳ್ಮೆಯ ಮನುಷ್ಯ. "ಲೆಕ್ಕ ಆಮೇಲೆ ಮಾಡುವ. ಒಂದು ವಿಷಯ ಹೇಳಿ. ಅವ್ರು ಮಂಡಿಯೂರಿ ಕೂತಾಗ ಭಾರ ಎರಡೂ ಕಡೆ ಒಂದೇ ಸಮ ಬೀಳ್ತದಾ? ಅದು ಗೊತ್ತಾದ್ರೆ ಉಳಿದದ್ದು ನಾನು ನೋಡ್ಕೊಳ್ತೇನೆ."

ಮಾವ ತಟ್ಟೆ ನೋಡಿದ. ಅವ್ವ ಬಾಗಿಲಿಗೆ ಬಂದು ಅಲ್ಲೇ ನಿಂತಳು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಹೇಳಬೇಕಾದವನು ನಾನು, ಮುದ್ದೆಯನ್ನು ಸಾರಿನಲ್ಲಿ ಅದ್ದುತ್ತಲೇ ಇದ್ದೆ. ಅಪ್ಪ ಎಂದಿನ ಹಾಗೆ ಮೇಲಕ್ಕೆ ನೋಡಿದರು. ಅಲ್ಲಿ ಆಕಾಶ ಇರಲಿಲ್ಲ, ಮಾವನ ಮನೆಯ ಶೀಟು ಇತ್ತು. ಮಳೆಯ ಮಾತು ಎತ್ತುವುದಕ್ಕೆ ಅನುಕೂಲವಿರಲಿಲ್ಲ.

"ಲೈನಲ್ಲಿ ಇದ್ದೀರಾ?"

"ಇವ್ನಿ ಸ್ವಾಮಿ," ಅಂದರು ಅಪ್ಪ. "ಒಂದೇ ಸಮ ಎಲ್ ಬಿದ್ದಾತು? ನನ್ ಮಗುನ್ಗೆ ಎಡಗಾಲಿಲ್ಲ. ಮಂಡಿಯಿಂದ ಒಂದ್ ಗೇಣದೆ, ಅದ್ರಿಂದ ಕೆಳಕಿಲ್ಲ. ಸ್ಪ್ರೇಯರ್ ಕೊಟ್ಬಾ ಅಂತ ನಾನೇ ಕಳ್ಸಿದ್ದು. ನಾಳೀಕೋಯ್ತೀನಿ ಅಂದ. ಇವತ್ತೇ ಓಗ್ಲಾ ಅಂತ ನಾನೇ ಅಟ್ಟಿದ್ದು."

ಫೋನಿನಲ್ಲಿದ್ದವರು, "ಯಾವ ಸ್ಪ್ರೇಯರ್?" ಅಂದರು.

ಮಾವನ ಗಂಟಲಿನಿಂದ ಎಂಥದೋ ಶಬ್ದ ಬಂತು. ನಗುವೋ ಅಳುವೋ ಅವನಿಗೇ ಗೊತ್ತಿರಲಿಕ್ಕಿಲ್ಲ. ಅವ್ವ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನಾನು ಕೈ ತೊಳೆಯದೆ ಹಾಗೇ ಫೋನು ಈಸಿಕೊಂಡೆ. "ಎಡಗಾಲು ಸರ್," ಅಂದೆ. "ಭಾರವೆಲ್ಲ ಬಲಕ್ಕೇ ಬೀಳುತ್ತೆ. ಎಡಕ್ಕೆ ತಿರುಗಿದಾಗ ಜಾರುತ್ತೆ." ಹೇಳಿದ ಮೇಲೆ ಅದೇನು ಅಷ್ಟು ದೊಡ್ಡ ಮಾತಾಗಿ ಕೇಳಿಸಲಿಲ್ಲ.

"ಮೊದಲೇ ಹೇಳ್ಬೇಕಲ್ಲ ಮಾರಾಯ್ರೆ!" ಅಂದರು ಅವರು. ಕನಿಕರವಿಲ್ಲ, ಏನಿಲ್ಲ, ಕೆಲಸ ಕೆಡುತ್ತಿತ್ತಲ್ಲ ಅನ್ನುವ ಸಿಟ್ಟು ಅಷ್ಟೇ. ಆ ಸಿಟ್ಟು ನನಗೆ ಎಷ್ಟು ಸಮಾಧಾನ ಕೊಟ್ಟಿತು ಅಂತ ಅವರಿಗೆ ಗೊತ್ತಿಲ್ಲ. ಗಟ್ಟಿ ಕಾಲಿರುವ ಬಲಗಡೆಗೆ ದೊಡ್ಡ ಫಿನ್ನು ಒಂದೇ ಸಾಕು, ಎಡಗಡೆಗೆ ಚಿಕ್ಕವು ಎರಡು ಹಾಕುತ್ತೇನೆ, ಆಗ ಕಡಿಮೆ ಒತ್ತಿದರೂ ಹಲಗೆ ಆ ಕಡೆ ತಿರುಗುತ್ತದೆ, ಹಿಡಿದುಕೊಳ್ಳುತ್ತದೆ ಅಂತ ವಿವರಿಸಿದರು. ಅಂಥವನ್ನು ಬೇಕಂತಲೇ ಮಾಡಿಸಿಕೊಳ್ಳುವವರೂ ಇದ್ದಾರಂತೆ.

"ಅಂಗಾರೆ ಒಟ್ಟು ಮೂರು," ಅಂದರು ಅಪ್ಪ. ಮೂರು ಅಂದವರು ನಮ್ಮಲ್ಲಿ ಯಾರೂ ಇರಲಿಲ್ಲ. ದೇವರೂ ಅಂದಿರಲಿಲ್ಲ.

ಹೊರಡುವಾಗ ಅಪ್ಪ ಜಗುಲಿಯ ಮೂಲೆಗೆ ಹೋಗಿ ಗೋಣಿಚೀಲ ಎಳೆದು ಹಾಕಿದರು. "ಲೇ, ಇದ ಈಸ್ಕಂಡೋಯ್ತೀನಿ ಕಣ್ಲಾ. ಬದ್ನೆಗಿಡುಕ್ ಹುಳ ಬಿದ್ದದೆ," ಅಂದರು ಮಾವನಿಗೆ. ಕಾಲು ಹೋದಾಗಿನಿಂದ ಅವರು ಅದನ್ನು ಕೇಳಿರಲಿಲ್ಲ. ಔಷಧಿ ಹೊಡೆಸಲು ಬೇರೆಯವರನ್ನು ಕರೆಯುತ್ತಿದ್ದರು. ಮಾವ ಅದನ್ನು ಒರೆಸಿ ಕಾರಿನಲ್ಲಿಟ್ಟ.

ಬದನೆಯ ಹುಳ ಹೋಯಿತು, ಬದನೆಯೂ ಮುಗಿಯಿತು, ಮಳೆಗಾಲ ಬಂದು ಹೋಯಿತು. ಸ್ಪ್ರೇಯರ್ ಮಾತ್ರ ಕೊಪ್ಪದ ಮನೆಯಲ್ಲೇ ಇತ್ತು. ಈಸಿಕೊಂಡ ಸಾಮಾನು ಇಟ್ಟುಕೊಳ್ಳಬಾರದು ಅನ್ನುತ್ತಿದ್ದ ಮನುಷ್ಯ ಅದನ್ನು ಆಗಾಗ ತೊಳೆದು ಒಣಗಿಸಿ ಮತ್ತೆ ಅಲ್ಲೇ ಇಡುತ್ತಿದ್ದರು. ನಾವೂ ಕೇಳಲಿಲ್ಲ. ಹಳೆಯ ವಿದ್ಯೆ, ಒಂದೇ ಸಲಕ್ಕೆ ಮರೆಯುವುದಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಹಲಗೆ ಬಂತು. ಸಮುದ್ರಕ್ಕೆ ಹೊರಡುವ ಮುಂಚೆ ಅವ್ವನಿಂದ ಕುಂಕುಮ ಹಚ್ಚಿಸಲು ಕೊಪ್ಪಕ್ಕೆ ಒಯ್ದೆ. ಅಂಗಳದಲ್ಲಿ ಮಗುಚಿ ಹಾಕಿದಾಗ ಬೀದಿಯವರೆಲ್ಲ ಬಂದರು. ಪಕ್ಕದ ಮನೆಯವರು ಸುತ್ತ ಒಂದು ಸುತ್ತು ಬಂದು, "ಇದ್ಯಾಕ್ಲಾ, ಅತ್ಲಾಗೊಂದು, ಇತ್ಲಾಗೆರಡು? ಮಾಡ್ದೋನ್ಗೆ ಕಣ್ ಸರಿಯಾಗ್ ಕಾಣಕಿಲ್ವಾ? ಮೋಸ ಓಗಿದ್ದೀರ ಕಣ್ರಲಾ," ಅಂದರು.

"ನನ್ ಮಗುನ್ಗೆ ಒಂದ್ ಕಾಲಿಲ್ಲ, ಅದ್ಕೇ ಅಂಗ್ ಮಾಡ್ಸಿರದು," ಅಂದರು ಅಪ್ಪ. "ಗೊತ್ತಿಲ್ದಲೆ ಮಾತಾಡ್ಬ್ಯಾಡ."

ಹಲಗೆಯನ್ನು ಕಾರಿನ ತಲೆಗೆ ಕಟ್ಟಿ ಮುಗಿಸಿ ನೋಡಿದರೆ, ಅಪ್ಪ ಸ್ಪ್ರೇಯರ್ ಬೆನ್ನಿಗೆ ಹಾಕಿಕೊಂಡು ಮೊಪೆಡ್ಡಿನ ಮೇಲೆ ಕೂತಿದ್ದರು. ನಾನು ಕುಂಟುತ್ತಾ ಹತ್ತಿರ ಹೋದೆ. ಅವರು ಆಕಾಶ ನೋಡಲಿಲ್ಲ. ನನ್ನ ಎಡಗಾಲನ್ನು ನೋಡಿದರು, ನಾನು ಅವರ ಹತ್ತಿರ ಬಂದು ನಿಲ್ಲುವವರೆಗೂ ನೋಡಿದರು.

"ಕಾರಲ್ಲಿಡಪ್ಪ, ಒಸಿ ಸುತ್ತಾದ್ರೂ ನಾನೇ ಮಳವಳ್ಳಿಗ್ ಕೊಟ್ಟೋಯ್ತೀನಿ," ಅಂದೆ.

"ನೀನ್ ಸಮುದ್ರುಕ್ಕೋಗ್ಲಾ," ಅಂದರು ಅಪ್ಪ, ಗಾಡಿ ಸ್ಟಾರ್ಟ್ ಮಾಡುತ್ತಾ. "ಇದ ನಾನ್ ಕೊಟ್ಬತ್ತೀನಿ."